ಹಲ್ಲು ಕಟ್ಟುವ ಅಣ್ಣ

ಅಣ್ಣನ ಜತೆ ಬಸ್ಸಿನಲ್ಲಿ ಹೋಗುವುದೆಂದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ಅವರು ಜನರ ಮುಖ ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಕದ್ದು ನೋಡುವುದೂ ಅಲ್ಲ. ಕುತ್ತಿಗೆ ಮುಂದೆ ಚಾಚಿ, ಕನ್ನಡಕ ಸರಿಮಾಡಿಕೊಂಡು, ಬ್ಯಾಂಕಿನವರು ಸಹಿ ಹೋಲಿಸಿ ನೋಡುವ ಹಾಗೆ. ಒಮ್ಮೆ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ನಾವು ಹತ್ತಿದ ಬಸ್ಸಿನಲ್ಲಿ ಒಬ್ಬಾಕೆ ತಂಗಿಯ ಜತೆ ಏನೋ ಹೇಳಿಕೊಂಡು ನಗುತ್ತಿದ್ದಳು. ಅಣ್ಣ ನೋಡಿದರು. ನೋಡುತ್ತಲೇ ಇದ್ದರು. ಆಕೆಯ ಗಂಡ ಎದ್ದು ಬಂದು, “ಎಂತ ನೋಡುವುದು ನೀವು?” ಎಂದು ಜೋರು ಮಾಡಿದ. ಬೇರೆ ಯಾರಾದರೂ ಆಗಿದ್ದರೆ ಕಿಟಕಿಯ ಕಡೆ ತಿರುಗುತ್ತಿದ್ದರು. ಅಣ್ಣ ಸಂತೋಷದಿಂದ, “ನಿಮ್ಮ ಹೆಂಡತಿಯ ಎಡಗಡೆಯ ಕೋರೆಹಲ್ಲು ಸ್ವಲ್ಪ ತಿರುಗಿದೆ ಅಲ್ವಾ? ಅದರಿಂದಲೇ ಆ ನಗು. ಎಷ್ಟು ಸರಿಯಾಗಿ ಕೂತಿದೆ ನೋಡಿ!” ಎಂದರು. ನಾನು ಅವರ ತೋಳು ಹಿಡಿದೆಳೆದು ಬಸ್ಸು ಹೊರಡುವ ಮೊದಲೇ ಇಳಿಸಿದೆ. ಮುಂದಿನ ಬಸ್ಸು ಸಿಗಲು ಇಪ್ಪತ್ತು ನಿಮಿಷ ಕಾಯಬೇಕಾಯಿತು. ಅಷ್ಟು ಹೊತ್ತೂ ಅವರು ಆ ಕೋರೆಹಲ್ಲಿನ ಬಗ್ಗೆಯೇ ಮಾತನಾಡಿದರು.

ಅಣ್ಣ ನನ್ನ ಒಡಹುಟ್ಟಿದವರಲ್ಲ. ಉಡುಪಿಯ ಒಂದು ಓಣಿಯಲ್ಲಿ, ಪಾತ್ರೆ ಅಂಗಡಿಯ ಮಾಳಿಗೆಯ ಮೇಲೆ, ಅವರದೊಂದು ಡೆಂಟಲ್ ಲ್ಯಾಬ್ ಇತ್ತು. ಹಲ್ಲು ಕಟ್ಟಿಸಿಕೊಂಡವರು ಡಾಕ್ಟರೇ ಹಲ್ಲು ಮಾಡಿಕೊಟ್ಟರು ಎಂದುಕೊಳ್ಳುತ್ತಾರೆ. ಹಾಗಲ್ಲ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಅದರ ಮೇಲೆ ಪ್ಲಾಸ್ಟರಿನ ಅಚ್ಚು ಎರೆದು, ಮೇಣದಲ್ಲಿ ಹಲ್ಲು ಜೋಡಿಸಿ, ಒಮ್ಮೆ ಬಾಯಿಗೆ ಹಾಕಿ ಟ್ರಯಲ್ ನೋಡಿ, ಆಮೇಲೆ ಗಟ್ಟಿ ಮಾಡಿ ಪಾಲಿಶ್ ಹೊಡೆಯುವವರು ನಮ್ಮಂಥವರು. ನಮ್ಮ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಅಣ್ಣನ ಹೆಸರನ್ನು ನಾನೂ ಇಲ್ಲಿ ಹೇಳುವುದಿಲ್ಲ. ಬರೆದದ್ದು ಗೊತ್ತಾದರೆ ಫೋನು ಮಾಡಿ ಬೈಯುತ್ತಾರೆ. ಕಾಪುವಿನ ಮೀನುಗಾರರ ಮನೆಯವರು. ಮನೆಯ ಗಂಡಸರೆಲ್ಲ ಬೋಟಿಗೆ ಹೋಗುತ್ತಿದ್ದಾಗ ಇವರಿಗೆ ಮಾತ್ರ ಕಡಲಿಗಿಳಿದರೆ ವಾಂತಿ. ಹಾಗಾಗಿ ದಡದಲ್ಲೇ ಉಳಿದು ಹಲ್ಲು ಕಟ್ಟಲು ಕಲಿತರು. ಈ ವರ್ಷ ಆ ಲ್ಯಾಬಿನ ಶಟರ್ ಎಳೆದು ಬೀಗ ಹಾಕಿದರು.

ಅವರ ಬಗ್ಗೆ ಬರೆಯಬೇಕೆನಿಸಿದ್ದು ಒಂದು ಭಾಷಣದಿಂದ. ಕಾರ್ಕಳ ಕಡೆಯ ಒಂದು ಕಾಲೇಜಿನವರು, ನಮ್ಮ ಊರಿನ ಹುಡುಗಿ ಸ್ವಂತ ಲ್ಯಾಬ್ ನಡೆಸುತ್ತಿದ್ದಾಳೆಂದು ನನ್ನನ್ನು ಕರೆದಿದ್ದರು. ವಿಷಯ ‘ವ್ಯಕ್ತಿತ್ವ ವಿಕಸನ ಮತ್ತು ವೃತ್ತಿಯಲ್ಲಿ ಯಶಸ್ಸು’. ನಾನೂ ಸೀರೆ ಉಟ್ಟು ಹೋಗಿ ಶಿಸ್ತು, ಸಮಯಪಾಲನೆ, ಗುರಿ ಎಂದೆಲ್ಲ ಅರ್ಧ ಗಂಟೆ ಕೊರೆದೆ. ಕೊನೆಗೆ ಒಬ್ಬ ಹುಡುಗಿ ಎದ್ದು, “ನಿಮಗೆ ಕಲಿಸಿದವರು ನಿಮ್ಮ ಕೆಲಸ ನೋಡಿ ಎಂತ ಹೇಳಿದರು ಮೇಡಂ?” ಎಂದು ಕೇಳಿದಳು. ಏನೂ ಹೇಳಿಲ್ಲ ಎಂದು ಹೇಳಲು ಆಗದೆ, “ಆಶೀರ್ವಾದ ಮಾಡಿದರು” ಎಂದೆ. ಶುದ್ಧ ಸುಳ್ಳು. ಹಿಂದೆ ಬರುವಾಗ ಬಸ್ಸಿನಲ್ಲಿ ನನಗೇ ನಾಚಿಕೆಯಾಯಿತು.

ಅಣ್ಣ ಹೊಗಳುವವರಲ್ಲ. ಮಣಿಪಾಲದಲ್ಲಿ ಕೋರ್ಸು ಮುಗಿಸಿ ನಾನು ಅವರಲ್ಲಿ ಸೇರಿದಾಗ ಮೊದಲ ಮೂರು ತಿಂಗಳು ಹಲ್ಲು ಮುಟ್ಟಲು ಬಿಡಲಿಲ್ಲ. ಬರೀ ಪ್ಲಾಸ್ಟರ್ ಕಲಸುವುದು. “ನಾನು ಡಿಪ್ಲೊಮಾ ಮಾಡಿದ್ದೇನೆ ಅಣ್ಣ” ಎಂದರೆ, “ಹೌದಾ? ಗುಳ್ಳೆಗೆ ಅದು ಗೊತ್ತುಂಟಾ?” ಎಂದು ನಾನು ಎರೆದ ಅಚ್ಚಿನೊಳಗಿನ ಗಾಳಿಗುಳ್ಳೆಯನ್ನು ತೋರಿಸುತ್ತಿದ್ದರು. ಕೊನೆಗೆ ನಾನು ಹಲ್ಲು ಜೋಡಿಸಲು ಶುರುಮಾಡಿದ ಮೇಲೂ ಅವರ ಬಾಯಿಂದ ಬರುತ್ತಿದ್ದ ಒಂದೇ ಮಾತು, “ಹೂಂ, ಕಳಿಸು”. ಒಳ್ಳೆಯದಿದ್ದರೂ ಅದೇ, ಪರವಾಗಿಲ್ಲ ಎಂಬಂತಿದ್ದರೂ ಅದೇ. ಇನ್ನೊಂದು ಮಾತಿತ್ತು, ಅದು ಬೈಗುಳ: “ಚೆಂದ ಉಂಟು”. ಅಣ್ಣ ‘ಚೆಂದ ಉಂಟು’ ಎಂದರೆ ಕೆಲಸ ಹಾಳಾಗಿದೆ, ಮೇಣ ಕರಗಿಸಿ ಮೊದಲಿನಿಂದ ಮಾಡಬೇಕು ಎಂದರ್ಥ. ಮನೆಯಲ್ಲಿ ಅಮ್ಮ ಒಮ್ಮೆ ನನ್ನ ಹೊಸ ಚೂಡಿದಾರ ನೋಡಿ ಕೊಂಕಣಿಯಲ್ಲಿ ಚೆಂದ ಇದೆ ಎಂದಾಗ ನನಗೆ ಸಿಟ್ಟೇ ಬಂದಿತ್ತು.

ಸಾಲಾಗಿ, ಬೆಳ್ಳಗೆ, ಒಂದೇ ಎತ್ತರಕ್ಕೆ ಜೋಡಿಸಿದ ಹಲ್ಲನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬಂದವರ ಹತ್ತಿರ ಹಳೆಯ ಫೋಟೋ ಕೇಳುವರು. ಮೊದಲು ಯಾವ ಹಲ್ಲು ಎಲ್ಲಿ ವಾಲಿತ್ತೋ ಹೊಸದನ್ನೂ ಹಾಗೇ ವಾಲಿಸುವರು. ಜನ ತರುತ್ತಿದ್ದದ್ದು ಮದುವೆಯ ಫೋಟೋ. ಹಿಂದಿನವರು ಮದುವೆಯ ಫೋಟೋದಲ್ಲಿ ಯಾರೂ ನಗುತ್ತಿರಲಿಲ್ಲ, ಎಲ್ಲರೂ ಬಾಯಿ ಮುಚ್ಚಿಕೊಂಡೇ ನಿಂತಿರುತ್ತಿದ್ದರು ಎಂಬುದು ಅಣ್ಣನಿಗೆ ಜೀವನದ ದೊಡ್ಡ ದೂರು. “ಮದುವೆ ಅಲ್ವಾ ಮಾರಾಯ್ತಿ, ಒಂದು ಹಲ್ಲಾದರೂ ತೋರಿಸಬಾರದಾ!” ಎಂದು ಆ ಫೋಟೋವನ್ನು ದೀಪಕ್ಕೆ ಹಿಡಿದು ಗೊಣಗುವರು.

ಟ್ರಯಲಿನ ದಿನ ಅವರು ಕ್ಲಿನಿಕ್ಕಿಗೇ ಹೋಗಿ ಕೂರುತ್ತಿದ್ದರು. ಬೇರೆ ಲ್ಯಾಬಿನವರು ಹಾಗೆ ಮಾಡುವುದಿಲ್ಲ. ಮೇಣದ ಹಲ್ಲು ಬಾಯಿಗೆ ಹಾಕಿದ ಕೂಡಲೇ ಡಾಕ್ಟರು ಕನ್ನಡಿ ಕೊಟ್ಟರೆ, ಅಣ್ಣ ಮೆತ್ತಗೆ ಅದನ್ನು ತೆಗೆದಿಟ್ಟು, “ನೀವು ದಿನಾ ಎಂತ ಮಾತಾಡುವುದು, ಅದನ್ನು ಒಮ್ಮೆ ಹೇಳಿ” ಎನ್ನುವರು. ಕಂಡಕ್ಟರ್ ಊರುಗಳ ಹೆಸರು ಕೂಗಬೇಕು. ಟೀಚರ್ ಮಗ್ಗಿ ಹೇಳಬೇಕು. ವಕೀಲರೊಬ್ಬರು ಅಲ್ಲಿ ಕುರ್ಚಿಯ ಮೇಲೆಯೇ ಯಾರಿಗೋ ಪಾಟೀಸವಾಲು ಹಾಕಿದ್ದು ನನಗೆ ನೆನಪಿದೆ. ಅಣ್ಣ ಕಣ್ಣು ಮುಚ್ಚಿ ಕೇಳುವರು. ಎಲ್ಲಿ ಶಿಳ್ಳೆ ಬರುತ್ತದೆ, ಎಲ್ಲಿ ತುಟಿ ಕೂಡುವುದಿಲ್ಲ, ಎಲ್ಲಿ ಹಲ್ಲಿಗೆ ಹಲ್ಲು ತಾಗಿ ಕಟ್ಟೆನ್ನುತ್ತದೆ ಎಂದು ಗುರುತು ಮಾಡಿಕೊಂಡು, ಜೇಬಿನಿಂದ ಚಿಕ್ಕ ಚಾಕು ತೆಗೆದು ಮೇಣ ಕೆರೆಯುವರು.

ಕಿವಿ ಅಷ್ಟು ಚುರುಕಾಗಲು ಕಾರಣ ಅವರ ಇನ್ನೊಂದು ಹುಚ್ಚು. ವಾರವಿಡೀ ಹಲ್ಲು, ಭಾನುವಾರ ವಾಲಿಬಾಲ್. ಆಡುವುದಲ್ಲ, ಟೂರ್ನಮೆಂಟುಗಳಲ್ಲಿ ಮೈಕು ಹಿಡಿದು ವೀಕ್ಷಕ ವಿವರಣೆ ಕೊಡುವುದು. ಕಾಪುವಿನಿಂದ ಪರ್ಕಳದವರೆಗೆ ಎಲ್ಲಿ ನೆಟ್ಟು ಕಟ್ಟಿದರೂ ಅಣ್ಣನಿಗೆ ಕರೆ ಬರುತ್ತಿತ್ತು. ಲ್ಯಾಬಿನಲ್ಲಿ ನಾಲ್ಕು ಮಾತಾಡದ ಮನುಷ್ಯ ಮೈಕು ಸಿಕ್ಕಿದರೆ ನಾಲ್ಕು ಗಂಟೆ ಬಿಡುತ್ತಿರಲಿಲ್ಲ. ಆಟದ ನಡುವೆ ಕಳೆದುಹೋದ ಸ್ಕೂಟರ್ ಕೀಯ ಪ್ರಕಟಣೆ, ಗೋಳಿಬಜೆಯ ಸ್ಟಾಲಿನ ಜಾಹೀರಾತು, ರೆಫರಿಗೆ ಬುದ್ಧಿಮಾತು ಎಲ್ಲ ಉಂಟು. ಒಮ್ಮೆ ಮಾತ್ರ, “ಈಗ ಸರ್ವಿಸಿಗೆ ಬರುತ್ತಿದ್ದಾರೆ ಮುಂದಿನ ಹಲ್ಲು ಸ್ವಲ್ಪ ಎದ್ದಿರುವ ನಮ್ಮ ನೆಚ್ಚಿನ ಆಟಗಾರ” ಎಂದುಬಿಟ್ಟು ಆ ಹುಡುಗನ ತಾಯಿಯ ಹತ್ತಿರ ಬೈಸಿಕೊಂಡರು.

ನಾನು ಸೇರಿದ ಎರಡನೆಯ ವರ್ಷ ಅಣ್ಣ ಜ್ವರದಿಂದ ಒಂದು ವಾರ ಬರಲಿಲ್ಲ. ಆಗ ಬಂದ ಕೇಸು ಕಾಪುವಿನ ಒಬ್ಬ ಮೀನು ಮಾರುವ ಹೆಂಗಸಿನದ್ದು. ನನಗೋ ಒಬ್ಬಳೇ ಮಾಡಿ ತೋರಿಸುವ ಹುಮ್ಮಸ್ಸು. ಚಿಕ್ಕ ಚಿಕ್ಕ ಬಿಳಿ ಹಲ್ಲುಗಳನ್ನು ಮುತ್ತು ಪೋಣಿಸಿದ ಹಾಗೆ ಜೋಡಿಸಿದೆ. ಟ್ರಯಲಿಗೆ ನಾನೇ ಹೋದೆ. ಕನ್ನಡಿ ಕೊಟ್ಟು, “ನಗಿ ಅಕ್ಕ” ಎಂದೆ. ಆಕೆ ನಕ್ಕಳು, ಡಾಕ್ಟರು ಭೇಷ್ ಎಂದರು, ನಾನು ಗಟ್ಟಿ ಮಾಡಿ ಕಳಿಸಿದೆ. ಹದಿನೈದು ದಿನ ಕಳೆದು, ಅಣ್ಣ ಲ್ಯಾಬಿನಲ್ಲಿದ್ದಾಗಲೇ, ಆಕೆ ಮಾಳಿಗೆಯ ಮೆಟ್ಟಿಲು ಹತ್ತಿ ಬಂದಳು. ಸೆರಗಿನ ತುದಿಯ ಗಂಟು ಬಿಚ್ಚಿ ಹಲ್ಲನ್ನು ಮೇಜಿನ ಮೇಲಿಟ್ಟಳು.

“ಕನ್ನಡಿಯಲ್ಲಿ ನೋಡಿದರೆ ನಾನು ರಾಣಿ” ಎಂದಳು ತುಳುವಿನಲ್ಲಿ. “ಗೇಟಿನ ಹತ್ತಿರ ನಿಂತು ಕೂಗಿದರೆ ಮೇಲಿನದ್ದು ಕಳಚಿ ನಾಲಗೆ ಮೇಲೆ ಬೀಳುತ್ತದೆ. ಕೂಗದಿದ್ದರೆ ನಾನು ಬಂದದ್ದು ಯಾರಿಗೆ ಗೊತ್ತಾಗಬೇಕು? ನಿನ್ನೆ ಅರ್ಧ ಬುಟ್ಟಿ ಬಂಗುಡೆ ಹಾಗೇ ಹೊತ್ತುಕೊಂಡು ಬಂದೆ.”

ಅಣ್ಣ ನನ್ನ ಕಡೆ ತಿರುಗಿದರು. “ಟ್ರಯಲಿನ ದಿನ ಅಕ್ಕನ ಹತ್ತಿರ ಕೂಗಿಸಿದ್ದೀಯಾ?”

“ಇಲ್ಲ ಅಣ್ಣ. ನಗಲಿಕ್ಕೆ ಹೇಳಿದೆ.”

“ಮತ್ತೆ ಅವರು ಬೆಳಿಗ್ಗೆ ಬುಟ್ಟಿ ಹೊತ್ತುಕೊಂಡು ಹೋಗುವುದು ಎಂತ, ನಗಲಿಕ್ಕಾ?”

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅಣ್ಣ ಮತ್ತೇನೂ ಬೈಯಲಿಲ್ಲ. “ನಾಳೆ ಮೊದಲ ಬಸ್ಸಿಗೆ ಕಾಪುವಿಗೆ ಬಾ” ಎಂದರು.

ಮರುದಿನ ಬೆಳಿಗ್ಗೆ ನಾವಿಬ್ಬರೂ ಆ ಅಕ್ಕನ ಹಿಂದೆ ಪಕ್ಕದ ಕಟಪಾಡಿಯ ಓಣಿಗಳಲ್ಲಿ ನಡೆದೆವು. ಆಕೆ ಪ್ರತಿ ಗೇಟಿನಲ್ಲಿ ನಿಂತು, “ಮೀನ್ ಬೋಡಾ?” ಎಂದು ಕೂಗುವಳು, ಮೀನು ಬೇಕಾ ಎಂದು. ಬೊಚ್ಚುಬಾಯಿಯಾದರೂ ಆ ಕೂಗು ಮೂರು ಮನೆಗೆ ಕೇಳುತ್ತಿತ್ತು. ನಾಲ್ಕನೆಯ ಗೇಟಿನಲ್ಲಿ ಅಣ್ಣ, “ಎಂತ ಕಾಣುತ್ತದೆ?” ಎಂದು ಕೇಳಿದರು. ನನಗೆ ಏನೂ ಕಾಣಲಿಲ್ಲ. “ತಲೆಯ ಮೇಲೆ ಎಂತ ಉಂಟು?” ಆಗ ಹೊಳೆಯಿತು. ತಲೆಯ ಮೇಲೆ ಭಾರವಿರುವಾಗ ಆಕೆಯ ಕುತ್ತಿಗೆ ಅಲುಗುವುದಿಲ್ಲ. ಗಲ್ಲ ಮೇಲೆತ್ತಿ, ದವಡೆಯನ್ನು ಮಾತ್ರ ಪೂರ್ತಿ ಕೆಳಗಿಳಿಸಿ ಕೂಗುತ್ತಾಳೆ. ಕ್ಲಿನಿಕ್ಕಿನ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕ ಬಾಯಿಯೇ ಬೇರೆ, ಈ ಬಾಯಿಯೇ ಬೇರೆ. ನಾನು ಅಳತೆಗೆ ತಕ್ಕ ಹಾಗೆ ಮಾಡಿದ್ದೆ, ನಿಜ. ಕೆಲಸಕ್ಕೆ ಹೋಗದ ಹೆಂಗಸಿಗೆ ಮಾಡಿದ್ದೆ.

ಹೊಸ ಟ್ರಯಲಿನ ದಿನ ಅಣ್ಣ ಕ್ಲಿನಿಕ್ಕಿಗೆ ಒಂದು ಬುಟ್ಟಿ ತಂದು ಅದರೊಳಗೆ ಪ್ಲಾಸ್ಟರಿನ ಚೀಲ ಇಟ್ಟು ಆಕೆಯ ತಲೆಯ ಮೇಲೆ ಹೊರಿಸಿ ನಿಲ್ಲಿಸಿದರು. ಆಕೆ ಕೂಗಿದ ಹೊಡೆತಕ್ಕೆ ಹೊರಗೆ ಕಾಯುತ್ತಿದ್ದವರೆಲ್ಲ ಎದ್ದು ನಿಂತರು. ಡಾಕ್ಟರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ನಾನು ಮೇಣ ಕೆರೆಯುತ್ತಿದ್ದೆ. ಅಣ್ಣ ಚಾಕನ್ನು ನನ್ನ ಕೈಗೇ ಕೊಟ್ಟಿದ್ದರು. ಹೊಸ ಹಲ್ಲು ಹಾಕಿ ಆಕೆ ಮೊದಲ ಸಲ ಹೊರಟ ದಿನ ಅಣ್ಣ ಎರಡು ಕಿಲೋ ಬಂಗುಡೆ ಕೊಂಡು ನನ್ನ ಕೈಗೆ ಹಿಡಿಸಿದರು. “ಇದು ನಿನಗೆ ಫೈನ್. ಕಾರ್ಕಳದವರೆಗೆ ಬಸ್ಸಿನಲ್ಲಿ ಹೊತ್ತುಕೊಂಡು ಹೋಗು.” ಆ ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಸಾರು ಮಾತ್ರ ಬಹಳ ಒಳ್ಳೆಯದಾಯಿತು.

ಐದು ವರ್ಷ ಅವರಲ್ಲಿ ದುಡಿದು ನಾನು ಹೊರಬಂದೆ. ಕಂಪ್ಯೂಟರಿನಲ್ಲಿ ಹಲ್ಲಿನ ಚಿತ್ರ ಬರೆದರೆ ಯಂತ್ರ ಕೆತ್ತಿಕೊಡುವ ಕಾಲ ಬಂದಿತ್ತು. ಪರ್ಕಳದಲ್ಲಿ ನಾನೊಂದು ಲ್ಯಾಬ್ ತೆರೆದೆ. ಹೇಳಲು ಹೋದಾಗ ಅಣ್ಣ ಪಾಲಿಶ್ ಮಾಡುತ್ತಿದ್ದವರು ಮೋಟಾರು ನಿಲ್ಲಿಸಲಿಲ್ಲ. “ಹೋಗು. ಯಂತ್ರಕ್ಕೆ ಕಿವಿ ಉಂಟಾ ಅಂತ ಒಂದು ನೋಡಿಕೋ” ಎಂದರು. ಉದ್ಘಾಟನೆಗೆ ಬಂದರು, ಪಾಯಸ ಕುಡಿದರು, ಯಂತ್ರದ ಸುತ್ತ ಎರಡು ಸುತ್ತು ಹಾಕಿ, “ಇದಕ್ಕೆ ಸೊಳ್ಳೆ ಕಚ್ಚುವುದಿಲ್ಲ, ಅದೊಂದು ಒಳ್ಳೆಯದು” ಎಂದು ಹೊರಟುಹೋದರು. ಕಷ್ಟದ ಕೇಸು ಬಂದಾಗೆಲ್ಲ ನಾನು ಅವರಿಗೇ ಫೋನು ಮಾಡುತ್ತಿದ್ದೆ. ತಕ್ಷಣ ಉತ್ತರ ಕೊಡುತ್ತಿದ್ದರು, ಕೊನೆಯಲ್ಲಿ “ಹೂಂ, ಕಳಿಸು”. ನನ್ನಲ್ಲಿ ಆರು ಜನ ಕೆಲಸಕ್ಕೆ ಸೇರಿದರು. ಮಂಗಳೂರು, ಶಿವಮೊಗ್ಗದಿಂದ ಕೇಸು ಬರತೊಡಗಿತು. ಗೋಡೆಗೆ ಎರಡು ಫಲಕಗಳೂ ಬಂದವು. ಅಣ್ಣನ ಬಾಯಿಂದ ಒಂದು ಒಳ್ಳೆಯ ಮಾತು ಕೇಳಬೇಕೆಂಬ ಆಸೆ ಮಾತ್ರ ಹಾಗೇ ಉಳಿಯಿತು. ಇಷ್ಟು ವಯಸ್ಸಾದ ಮೇಲೆ ಇದೇನು ಹುಡುಗಾಟಿಕೆ ಎಂದು ನನಗೆ ನಾನೇ ಬೈದುಕೊಂಡದ್ದಿದೆ. ಹೋಗಲಿಲ್ಲ ಅದು.

ಒಂದು ವಿಷಯ ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯುತ್ತೇನೆ. ಅಣ್ಣನಿಗೆ ಕೇಸು ಕಳಿಸುತ್ತಿದ್ದ ಡಾಕ್ಟರುಗಳು ಒಬ್ಬೊಬ್ಬರಾಗಿ ನನಗೆ ಕಳಿಸತೊಡಗಿದರು. ನಾನು ಕೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಎರಡು ದಿನದಲ್ಲಿ ಆಗುವ ಕೆಲಸಕ್ಕೆ ಯಾರು ಎರಡು ವಾರ ಕಾಯುತ್ತಾರೆ? ಅದೇ ಹೊತ್ತಿಗೆ ಶುಗರಿನಿಂದ ಅಣ್ಣನ ಸ್ವಂತ ಹಲ್ಲುಗಳೂ ಒಂದೊಂದಾಗಿ ಹೋದವು. ಊರಿಗೆಲ್ಲ ಹಲ್ಲು ಕಟ್ಟಿದವರು ತಮ್ಮ ಬಾಯಿಯ ಸಂದುಗಳನ್ನು ಮೀಸೆಯಡಿ ಮುಚ್ಚಿಕೊಂಡು ಓಡಾಡಿದರು. ಕೊನೆಯ ಹಲ್ಲು ಹೋದ ಸ್ವಲ್ಪ ದಿನಕ್ಕೆ ಲ್ಯಾಬು ಮುಚ್ಚಿದರು.

ಅದರ ಬೆನ್ನಿಗೇ ಅತ್ತಿಗೆ, ಅಣ್ಣನ ಹೆಂಡತಿ, ನನಗೆ ಫೋನು ಮಾಡಿದರು. “ಇವರು ಮನೆಯಿಂದ ಹೊರಗೆ ಕಾಲಿಡುವುದಿಲ್ಲ ಮಾರಾಯ್ತಿ. ಟೂರ್ನಮೆಂಟಿನವರು ಬಂದರೆ ಒಳಗೆ ಕೂತು ನನ್ನ ಹತ್ತಿರ ‘ಮನೆಯಲ್ಲಿಲ್ಲ’ ಅಂತ ಹೇಳಿಸುತ್ತಾರೆ. ಮೈಕಿನಲ್ಲಿ ಬರೀ ಗಾಳಿ ಬರುತ್ತದಂತೆ. ಎರಡು ತಿಂಗಳಾಯಿತು, ನನ್ನ ಹತ್ತಿರವೂ ಸರಿ ಮಾತಿಲ್ಲ. ಬೇರೆ ಯಾರ ಹತ್ತಿರವೂ ಹಲ್ಲು ಮಾಡಿಸುವುದಿಲ್ಲ ಅಂತ ಹಟ. ನೀನೊಂದು ಮಾಡಿ ಕೊಡು.”

ಪರಿಚಯದ ಡಾಕ್ಟರೊಬ್ಬರು ಅಳತೆ ತೆಗೆದುಕೊಟ್ಟರು. ನನ್ನ ಲ್ಯಾಬಿನ ಅತ್ಯುತ್ತಮ ಯಂತ್ರದಲ್ಲಿ ಹಲ್ಲು ಮಾಡಿ ಒಯ್ದೆ. ಅಣ್ಣ ಹಾಕಿಕೊಂಡರು, ಕಿಟಕಿಯ ಬೆಳಕಿಗೆ ನಿಂತರು, ತೆಗೆದರು. “ಚೆಂದ ಉಂಟು” ಎಂದರು.

ಯಂತ್ರ ಬಿಟ್ಟು ಕೈಯಲ್ಲಿ ಮಾಡಿದೆ. ಅದೂ ಹಿಂದೆ ಬಂತು. ಅವರಂಥ ಕೆಟ್ಟ ಪೇಷಂಟನ್ನು ನಾನು ಕಂಡಿಲ್ಲ. ಟಾರ್ಚು ಹಾಕಿ ನೋಡುವರು, ಉಗುರಿನಿಂದ ತಟ್ಟಿ ನೋಡುವರು, ನನಗೆ ಫೋನು ಮಾಡಿ ಬಲಗಡೆ ಹಿಂದಿನಿಂದ ಎರಡನೆಯದ್ದು ಕೂದಲೆಳೆಯಷ್ಟು ಎತ್ತರ ಎನ್ನುವರು. ಮೂರನೆಯದೂ ಹಿಂದೆ ಬಂತು. ಅತ್ತಿಗೆಯ ಮುಖ ನೋಡಲಾಗುತ್ತಿರಲಿಲ್ಲ. ಅಣ್ಣನ ಕೇಸುಗಳನ್ನೆಲ್ಲ ನುಂಗಿದವಳಿಗೆ ಅಣ್ಣನ ಹಲ್ಲೊಂದು ಮಾಡಲು ಬರುವುದಿಲ್ಲವಲ್ಲ ಎಂದು ನನಗೆ ಅಳುವೇ ಬಂತು. ಅತ್ತು ಮುಗಿದ ಮೇಲೆ ಒಂದು ವಿಷಯ ತಲೆಗೆ ಹೋಯಿತು. ಮೂರು ಸಲವೂ ನಾನು ಅವರನ್ನು ಕುರ್ಚಿಯಲ್ಲಿ ಕೂರಿಸಿ ಕನ್ನಡಿಯ ಎದುರು ಬಾಯಿ ತೆರೆಸಿದ್ದೆ. ಅಲ್ಲಿ ಕೂತದ್ದು ಲ್ಯಾಬಿನ ಅಣ್ಣ. ಮೈಕು ಹಿಡಿಯುವ ಅಣ್ಣನಿಗೆ ನಾನಿನ್ನೂ ಹಲ್ಲು ಮಾಡಿಯೇ ಇರಲಿಲ್ಲ.

“ಒಮ್ಮೆ ಕಮೆಂಟ್ರಿ ಹೇಳಿ ಅಣ್ಣ” ಎಂದೆ.

“ಆಟ ಇಲ್ಲದೆ ಎಂತ ಹೇಳುವುದು? ಹುಚ್ಚಾ ನಿನಗೆ?”

ನಾಲ್ಕನೆಯ ಸಲ ಮೇಣದ ಹಲ್ಲು ಹಿಡಿದುಕೊಂಡು ಸಂಜೆ ನಾಲ್ಕೂವರೆಗೆ ಕಾಪುವಿಗೆ ಹೋದೆ. ಕಡಲಬದಿಯ ಮೈದಾನದಲ್ಲಿ ಹುಡುಗರು ಅಭ್ಯಾಸಕ್ಕೆ ಆಡುವ ಹೊತ್ತು. ಗಾಳಿ ತೆಗೆದುಕೊಳ್ಳಲಿಕ್ಕೆಂದು ಹೇಳಿ ಅತ್ತಿಗೆ ಅವರನ್ನು ಹೇಗೋ ಹೊರಡಿಸಿದ್ದರು. ಮೇಣದ ಹಲ್ಲು ಬಾಯಿಯ ಬಿಸಿಗೆ ಹೆಚ್ಚು ಹೊತ್ತು ತಡೆಯುವುದಿಲ್ಲ, ಹತ್ತು ನಿಮಿಷ ಹೆಚ್ಚೆಂದರೆ. ಹಾಕಿಸಿ, ಮೈದಾನದ ಬದಿಗೆ ನಿಲ್ಲಿಸಿ, ನಾನು ಗಡಿಯಾರ ನೋಡುತ್ತ ನಿಂತೆ. ಐದು ನಿಮಿಷ ಕಳೆಯಿತು. ಅಷ್ಟರಲ್ಲಿ ಒಬ್ಬ ಹುಡುಗ ನೆಟ್ಟಿಗೆ ಚೆಂಡು ಹೊಡೆದ. ಅಣ್ಣ ತಡೆಯಲಾರದೆ, “ಸರ್ವಿಸ್ ಸಂಪೂರ್ಣ ವಿಫಲ” ಎಂದು ಮೆಲ್ಲಗೆ ಗೊಣಗಿದರು. ‘ಸ’ದಲ್ಲಿ ಸಣ್ಣ ಶಿಳ್ಳೆ. ಇನ್ನೊಂದು ಚೆಂಡು, ಸ್ವರ ಸ್ವಲ್ಪ ಏರಿತು. ಆಟ ಬಿಸಿಯಾದ ಹಾಗೆ ಅವರ ತಲೆ ಎಡಕ್ಕೂ ಬಲಕ್ಕೂ ಚೆಂಡಿನ ಜತೆ ತಿರುಗತೊಡಗಿತು. ಬಲಕ್ಕೆ ತಿರುಗಿದಾಗ ಮಾತ್ರ ಕೆಳಗಿನ ಹಲ್ಲು ಸಡಿಲ. ಇಷ್ಟು ದಿನ ನೇರ ಕೂತು ಕನ್ನಡಿ ನೋಡುವವರ ಬಾಯಿಗೆ ನಾನು ಅಳೆಯುತ್ತಿದ್ದೆ! “ತೆಗೆಯಿರಿ ಅಣ್ಣ” ಎಂದು ಅಲ್ಲೇ ಕಟ್ಟೆಯ ಮೇಲೆ ಕೂತು ಚಾಕು ತೆಗೆದೆ. ಅವರು ತೆಗೆದುಕೊಟ್ಟು, ಹುಡುಗರು ನೋಡುತ್ತಾರೆಂದು ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನ ಹಿಂದೆ ನಿಂತರು. ಕೆರೆದೆ, ಮತ್ತೆ ಹಾಕಿಸಿದೆ, ಮತ್ತೆ ಕೇಳಿದೆ.

ಅದನ್ನೇ ಗಟ್ಟಿ ಮಾಡಿ ಮುಂದಿನ ವಾರ ಕೊಟ್ಟುಬಂದೆ. ಅಣ್ಣ ಹಾಕಿಕೊಂಡು, “ನೋಡುವ” ಎಂದರು, ಅಷ್ಟೆ.

ಆಮೇಲೆ ಫೋನಿಲ್ಲ. ಮೊದಲಾದರೆ ಎರಡನೆಯ ದಿನವೇ ದೂರು ಬರುತ್ತಿತ್ತು. ಒಂದು ವಾರ, ಎರಡು ವಾರ, ಒಂದು ತಿಂಗಳು. ತೆಗೆದು ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟರು, ಇನ್ನು ನನ್ನ ಹತ್ತಿರ ಹೇಳಿಯೂ ಪ್ರಯೋಜನವಿಲ್ಲ ಎಂದು ಬಿಟ್ಟರು ಎಂದೇ ನಾನು ತೀರ್ಮಾನಿಸಿದೆ. ಧೈರ್ಯ ಮಾಡಿ ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಅತ್ತಿಗೆ ಬಾಗಿಲಲ್ಲೇ, “ಅವರು ಎಲ್ಲಿದ್ದಾರೆ ಮನೆಯಲ್ಲಿ? ಮೈದಾನದಲ್ಲಿ ಟೂರ್ನಮೆಂಟ್ ಉಂಟಲ್ಲ. ಊಟಕ್ಕೂ ಬರಲಿಲ್ಲ” ಎಂದರು.

ಮೈದಾನಕ್ಕೆ ತಿರುಗುವ ಮೊದಲೇ ಧ್ವನಿವರ್ಧಕದಲ್ಲಿ ಅವರ ಮಾತು ಕೇಳಿತು. ಕಾಲು ಓಡಿತು. ಶಾಮಿಯಾನದಡಿ ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಕೂತು, ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಅರ್ಧ ಕಚ್ಚಿದ ಗೋಳಿಬಜೆ. ರೆಫರಿ ಕೊಟ್ಟ ತೀರ್ಪಿನ ಮೇಲೆ ಊರಿಗೆಲ್ಲ ಕೇಳುವಂತೆ ಟೀಕೆ ನಡೆದಿತ್ತು. ನಾನು ಹಿಂದೆ ನಿಂತು ಕಣ್ಣು ಮುಚ್ಚಿ ಕೇಳಿದೆ. ಶಿಳ್ಳೆಯಿಲ್ಲ, ಕಟ್ಟೆನ್ನುವುದಿಲ್ಲ. ಆಟಗಾರರು ನೀರು ಕುಡಿಯಲು ನಿಂತಾಗ ಹತ್ತಿರ ಹೋದೆ.

“ಹಲ್ಲು ಹೇಗುಂಟು ಅಣ್ಣ?”

ಅವರು ಮೈಕನ್ನು ಪಕ್ಕಕ್ಕೆ ಸರಿಸಿ ಗಂಭೀರವಾಗಿ ನನ್ನ ಮುಖ ನೋಡಿದರು.

“ಯಾರದ್ದು? ಬೇಗ ಹೇಳು, ಎಂತ ತೊಂದರೆ? ಆಟ ಶುರುವಾಗುತ್ತದೆ.”

ಬಾಯಲ್ಲಿರುವುದು ನಾನು ಕಟ್ಟಿದ ಹಲ್ಲು ಎಂಬುದೇ ಅವರಿಗೆ ಮರೆತುಹೋಗಿತ್ತು.

“ಯಾರದ್ದೂ ಅಲ್ಲ ಅಣ್ಣ” ಎಂದೆ. “ನೀವು ಮಾತಾಡಿ.”